ಲೈನಿನ ಕೊನೆಯಲ್ಲಿ ವೋಲ್ಟೇಜ್ ಕಡಿಮೆ: ಸಣ್ಣ ಟ್ರಾನ್ಸ್‌ಫಾರ್ಮರ್ ಹಾಕಿದರೆ ಸಾಕೇ?

ಪ್ರಶ್ನೆ: ನಮ್ಮ ವರ್ಕ್‌ಶಾಪ್ ವಿದ್ಯುತ್ ಲೈನಿನ ಕಟ್ಟಕಡೆಯಲ್ಲಿದೆ. 230 ವೋಲ್ಟ್ ಇರಬೇಕಾದ ಕಡೆ ಕೆಲಸದ ಹೊತ್ತಿನಲ್ಲಿ ಯಂತ್ರದ ಬಳಿ 205 ಸಿಗುತ್ತದೆ. ಸಿಂಗಲ್ ಫೇಸ್, ಲೋಡ್ ಸುಮಾರು 50 ಆಂಪಿಯರ್. 24 ವೋಲ್ಟ್ ಕೊಡುವ 1.5 ಕೆವಿಎ ಟ್ರಾನ್ಸ್‌ಫಾರ್ಮರ್ ಒಂದನ್ನು ಲೈನಿಗೆ ಸೇರಿಸಿ ವೋಲ್ಟೇಜ್ ಏರಿಸಬಹುದು ಎಂದು ಎಲೆಕ್ಟ್ರಿಷಿಯನ್ ಹೇಳುತ್ತಾರೆ. 11 ಕೆವಿಎ ಲೋಡನ್ನು 1.5 ಕೆವಿಎ ಪೆಟ್ಟಿಗೆ ಹೇಗೆ ತಾಳುತ್ತದೆ? ಸುಟ್ಟುಹೋಗುವುದಿಲ್ಲವೇ? ಇದರ ಬದಲು ದೊಡ್ಡ ಸ್ಟೆಬಿಲೈಸರ್ ಹಾಕುವುದು ಒಳ್ಳೆಯದೇ?

ಉತ್ತರ: ಸುಟ್ಟುಹೋಗುವುದಿಲ್ಲ. ನಿಮ್ಮ ಎಲೆಕ್ಟ್ರಿಷಿಯನ್ ಹಾಕಿದ ಲೆಕ್ಕ ಸರಿಯಾಗಿಯೇ ಇದೆ. ಆದರೂ ಆ ಟ್ರಾನ್ಸ್‌ಫಾರ್ಮರನ್ನು ಇವತ್ತೇ ಕೊಳ್ಳಬೇಡಿ. ಕಳೆದುಹೋಗುತ್ತಿರುವ 25 ವೋಲ್ಟ್ ಎಲ್ಲಿ ಕಳೆಯುತ್ತಿದೆ, ಯಾವ ಹೊತ್ತಿನಲ್ಲಿ ಕಳೆಯುತ್ತಿದೆ ಎಂಬುದು ಮೊದಲು ಗೊತ್ತಾಗಬೇಕು. ಸದಾ ಒಂದೇ ಅಳತೆಯಲ್ಲಿ ಇರುವ ಕೊರತೆಯನ್ನು ಈ ಸಣ್ಣ ಟ್ರಾನ್ಸ್‌ಫಾರ್ಮರ್ ಚೆನ್ನಾಗಿ ತುಂಬುತ್ತದೆ. ಲೋಡಿನ ಜೊತೆ ಏರಿಳಿಯುವ ಕೊರತೆಗೆ ಅದನ್ನು ಹಾಕಿದರೆ ಕೆಲವೊಮ್ಮೆ ತೊಂದರೆ ಜಾಸ್ತಿಯೇ ಆಗುತ್ತದೆ.

ಮೊದಲು ನಿಮ್ಮ ಅನುಮಾನಕ್ಕೆ ಬರೋಣ. ಪೂರಾ 11 ಕೆವಿಎ ಶಕ್ತಿ ಆ ಪೆಟ್ಟಿಗೆಯನ್ನು ದಾಟಿ ಹೋಗಬೇಕು ಎಂದು ನೀವು ಅಂದುಕೊಂಡಿದ್ದೀರಿ, ಅಲ್ವಾ? ಹಾಗೆ ಆಗುವುದಿಲ್ಲ. ಅದರಲ್ಲಿ ಎರಡು ಸುರುಳಿಗಳಿವೆ. 230 ವೋಲ್ಟಿನ ಪ್ರೈಮರಿಯನ್ನು ಬರುವ ಫೇಸ್ ಮತ್ತು ನ್ಯೂಟ್ರಲ್ ನಡುವೆ ಕಟ್ಟುತ್ತಾರೆ. 24 ವೋಲ್ಟಿನ ಸೆಕೆಂಡರಿಯನ್ನು ಫೇಸ್ ತಂತಿಯಲ್ಲೇ ಸಾಲಾಗಿ ಸೇರಿಸುತ್ತಾರೆ. ಬರುವ ವೋಲ್ಟೇಜ್ ನೇರವಾಗಿ ಮುಂದೆ ಹೋಗುತ್ತದೆ, ಸೆಕೆಂಡರಿ ಅದರ ಮೇಲೆ ತನ್ನ ಪಾಲನ್ನು ಕೂಡಿಸುತ್ತದೆ. ಟ್ರಾನ್ಸ್‌ಫಾರ್ಮರಿನ ಕಬ್ಬಿಣಕ್ಕೂ ತಾಮ್ರಕ್ಕೂ ಬೀಳುವ ಭಾರ ಆ ಕೂಡಿಸಿದ ಪಾಲಿನಷ್ಟು ಮಾತ್ರ. 24 ವೋಲ್ಟ್, 50 ಆಂಪಿಯರ್: ಗುಣಿಸಿದರೆ 1200 ವಿಎ (ವೋಲ್ಟ್ ಆಂಪಿಯರ್), ಅಂದರೆ 1.2 ಕೆವಿಎ. ಹಾಗಾಗಿ 1.5 ಕೆವಿಎ ಸಾಕು. ಸೆಕೆಂಡರಿಯ ತಂತಿ ಮಾತ್ರ 50 ಆಂಪಿಯರ್ ಹೊರುವಷ್ಟು ದಪ್ಪ ಇರಲೇಬೇಕು. ನಾಮಫಲಕದಲ್ಲಿ ಬರೀ ಕೆವಿಎ ನೋಡಿ ಕೊಳ್ಳುವವರು ತಪ್ಪುವುದು ಇಲ್ಲೇ. ಅದೇ 1.5 ಕೆವಿಎ ಟ್ರಾನ್ಸ್‌ಫಾರ್ಮರಿನ ಸೆಕೆಂಡರಿ 48 ವೋಲ್ಟಿನದಾದರೆ, ಅದು ಹೊರುವುದು 31 ಆಂಪಿಯರ್ ಅಷ್ಟೇ.

ಬರುವ ವೋಲ್ಟೇಜ್ 205 ಇರುವಾಗ ಸೆಕೆಂಡರಿ ಪೂರ್ತಿ 24 ವೋಲ್ಟ್ ಕೊಡುವುದಿಲ್ಲ. ಪ್ರೈಮರಿಗೇ ಕಡಿಮೆ ಸಿಗುತ್ತಿದೆಯಲ್ಲ. ಅದು ಕೊಡುವುದು ಸುಮಾರು 21.4 ವೋಲ್ಟ್. ಹೊರಗೆ 226 ಸಿಗುತ್ತದೆ. ಇದಕ್ಕೆ ಪ್ರತಿಯಾಗಿ ಬರುವ ಕಡೆ ಕರೆಂಟ್ ಹೆಚ್ಚುತ್ತದೆ. ಹೊರಗೆ 50 ಆಂಪಿಯರ್ ಹೋಗುತ್ತಿದ್ದರೆ ಒಳಗೆ 55.2 ಆಂಪಿಯರ್ ಬರುತ್ತಿರುತ್ತದೆ. ಹೆಚ್ಚಿನ 5.2 ಆಂಪಿಯರ್ ಪ್ರೈಮರಿಯಲ್ಲಿ ಹರಿಯುತ್ತದೆ. ಟ್ರಾನ್ಸ್‌ಫಾರ್ಮರ್ ಶಕ್ತಿಯನ್ನು ಹುಟ್ಟಿಸುವುದಿಲ್ಲ. ಆ 21 ವೋಲ್ಟನ್ನು ಅದು ಲೈನಿನಿಂದ ಇನ್ನಷ್ಟು ಕರೆಂಟ್ ಎಳೆದೇ ಕೊಡಬೇಕು.

ಈ ಒಂದು ಮಾತನ್ನು ಗಟ್ಟಿಯಾಗಿ ಹಿಡಿದುಕೊಳ್ಳಿ. ನಿಮ್ಮ ತೊಂದರೆಯ ಗಂಟು ಇಲ್ಲೇ ಇದೆ.

ಲೋಡ್ ಇಲ್ಲದಾಗ ನಿಮಗೆ 230 ವೋಲ್ಟ್ ಬರುತ್ತದೆ, 50 ಆಂಪಿಯರ್ ಎಳೆದಾಗ 205ಕ್ಕೆ ಇಳಿಯುತ್ತದೆ ಎಂದುಕೊಳ್ಳೋಣ. ಅಂದರೆ ದಾರಿಯ ತಂತಿಯಲ್ಲಿ ಒಟ್ಟು ಅರ್ಧ ಓಮ್ ತಡೆ ಇದೆ. ಅದರಲ್ಲಿ 1250 ವ್ಯಾಟ್ ಸುಮ್ನೆ ಬಿಸಿಯಾಗಿ ಹೋಗುತ್ತಿದೆ. ಈಗ ಆ ಟ್ರಾನ್ಸ್‌ಫಾರ್ಮರ್ ಹಾಕಿ. ಲೋಡ್ ಹೀಟರಿನಂಥದ್ದಾದರೆ, ವೋಲ್ಟೇಜ್ ಏರಿದಂತೆ ಅದೂ ಹೆಚ್ಚು ಕರೆಂಟ್ ಎಳೆಯುತ್ತದೆ. ಲೆಕ್ಕ ಹಾಕಿ ನೋಡಿದರೆ ಲೈನಿನಲ್ಲಿ ಹರಿಯುವುದು 50 ಅಲ್ಲ, ಸುಮಾರು 59.5 ಆಂಪಿಯರ್. ಬರುವ ವೋಲ್ಟೇಜ್ 205ರಿಂದ 200ಕ್ಕೆ ಕುಸಿಯುತ್ತದೆ. ಹೊರಗೆ ಸಿಗುವುದು 226 ಅಲ್ಲ, 221. ತಂತಿಯಲ್ಲಿ ಹಾಳಾಗುವ ಶಕ್ತಿ 1250 ವ್ಯಾಟಿನಿಂದ ಸುಮಾರು 1770 ವ್ಯಾಟಿಗೆ ಏರುತ್ತದೆ. ನೀವು ಗಳಿಸಿದ್ದು 16 ವೋಲ್ಟ್. ಅದಕ್ಕಾಗಿ ಮೊದಲೇ ಬಿಸಿಯಾಗಿದ್ದ ತಂತಿಗೆ ನೂರಕ್ಕೆ 40ರಷ್ಟು ಹೆಚ್ಚು ಬಿಸಿ ಕೊಟ್ಟಿರಿ.

ಅಷ್ಟೇ ಅಲ್ಲ. ಸಂಜೆ ಯಂತ್ರಗಳನ್ನೆಲ್ಲ ನಿಲ್ಲಿಸುತ್ತೀರಿ. ಲೈನ್ 230ಕ್ಕೆ ಮರಳುತ್ತದೆ. ಟ್ರಾನ್ಸ್‌ಫಾರ್ಮರ್ ಮಾತ್ರ ಕೂಡಿಸುವುದನ್ನು ನಿಲ್ಲಿಸುವುದಿಲ್ಲ. ಹೊರಗೆ 254 ವೋಲ್ಟ್! 230 ವೋಲ್ಟಿನ ಸರಬರಾಜಿಗೆ ಅಂತರರಾಷ್ಟ್ರೀಯ ಎಲೆಕ್ಟ್ರೋಟೆಕ್ನಿಕಲ್ ಆಯೋಗದ 60038 ಮಾನಕ ಹೇಳುವ ಮಿತಿ ಎರಡೂ ಕಡೆ ನೂರಕ್ಕೆ 10. ಅಂದರೆ 207ರಿಂದ 253. ನೀವು ಕೆಳಗಿನ ಮಿತಿಯಿಂದ ತಪ್ಪಿಸಿಕೊಳ್ಳಲು ಹೋಗಿ ಮೇಲಿನ ಮಿತಿ ದಾಟಿದಿರಿ. ರಾತ್ರಿಯಿಡೀ ಉರಿಯುವ ದೀಪ, ಕಂಪ್ಯೂಟರಿನ ಪವರ್ ಸಪ್ಲೈ, ಕಂಟ್ರೋಲ್ ಪ್ಯಾನೆಲಿನ ಸಣ್ಣ ಟ್ರಾನ್ಸ್‌ಫಾರ್ಮರ್, ಎಲ್ಲವೂ ಈ ಹೆಚ್ಚಿನ ವೋಲ್ಟೇಜನ್ನು ತಿನ್ನುತ್ತಿರುತ್ತವೆ. ರಾತ್ರಿ ಯಾರೂ ಮೀಟರ್ ಹಿಡಿದು ನೋಡುವುದಿಲ್ಲ. ಕೆಲವು ತಿಂಗಳ ನಂತರ ಒಂದೊಂದೇ ಕೆಟ್ಟಾಗ ಕಾರಣ ಹೊಳೆಯುವುದೂ ಇಲ್ಲ.

ಮೋಟಾರಿನ ಲೆಕ್ಕ ಸ್ವಲ್ಪ ಬೇರೆ. ಓಡುತ್ತಿರುವ ಮೋಟಾರು ತನ್ನ ಕೆಲಸಕ್ಕೆ ಬೇಕಾದಷ್ಟು ಶಕ್ತಿಯನ್ನು ಹೇಗಾದರೂ ಎಳೆದುಕೊಳ್ಳುತ್ತದೆ. ವೋಲ್ಟೇಜ್ ಕಡಿಮೆಯಾದರೆ ಕರೆಂಟ್ ಹೆಚ್ಚಿಸಿಕೊಂಡು ಬಿಸಿಯಾಗುತ್ತದೆ. ಅದಕ್ಕೆ ವೋಲ್ಟೇಜ್ ಏರಿಸಿಕೊಟ್ಟರೆ ಅದರ ಕರೆಂಟ್ ಇಳಿಯುತ್ತದೆ. ಲೈನಿನ ಕರೆಂಟ್ ಹೆಚ್ಚುಕಮ್ಮಿ ಮೊದಲಿನಷ್ಟೇ ಉಳಿಯುತ್ತದೆ. ಹಾಗಾಗಿ ಮೋಟಾರೇ ಹೆಚ್ಚಿರುವ ಕಡೆ ಬೂಸ್ಟ್ ಟ್ರಾನ್ಸ್‌ಫಾರ್ಮರ್, ಅಂದರೆ ಹೀಗೆ ವೋಲ್ಟೇಜ್ ಕೂಡಿಸುವ ಟ್ರಾನ್ಸ್‌ಫಾರ್ಮರ್, ಒಳ್ಳೆಯ ಕೆಲಸ ಮಾಡುತ್ತದೆ. ಇನ್ನೊಂದು ಲಾಭವೂ ಇದೆ. ಮೋಟಾರಿನ ತಿರುಗುಬಲ ವೋಲ್ಟೇಜಿನ ವರ್ಗಕ್ಕೆ ತಕ್ಕಂತೆ ಇರುತ್ತದೆ. 230ರ ಬದಲು 205 ಕೊಟ್ಟರೆ ತಿರುಗುಬಲ ನೂರಕ್ಕೆ 79ಕ್ಕೆ ಇಳಿಯುತ್ತದೆ. ಭಾರ ಹೊತ್ತ ಕಂಪ್ರೆಸರ್ ಸ್ಟಾರ್ಟ್ ಆಗಲು ಒದ್ದಾಡುವುದು ಇದಕ್ಕೇ. ಆದರೆ ಮೋಟಾರು ಏಳುವ ಆ ಒಂದೆರಡು ಕ್ಷಣದ ಕುಸಿತವನ್ನು ಮಾತ್ರ ಟ್ರಾನ್ಸ್‌ಫಾರ್ಮರಿನಿಂದ ಗುಣಪಡಿಸಲು ಹೋಗಬೇಡಿ. ಅದಕ್ಕೆ ಮೋಟಾರನ್ನು ಮೆಲ್ಲಗೆ ಏಳಿಸುವ ಸಾಫ್ಟ್ ಸ್ಟಾರ್ಟರ್ ಅಥವಾ ವೇಗ ಹೊಂದಿಸುವ ಡ್ರೈವ್ ಇದೆ.

ಹಾಗಾದರೆ ಮೊದಲ ಕೆಲಸ ಅಳತೆ. ಒಂದು ಒಳ್ಳೆಯ ಮಲ್ಟಿಮೀಟರ್, ತಂತಿಯ ಸುತ್ತ ಹಿಡಿದು ಕರೆಂಟ್ ಅಳೆಯುವ ಒಂದು ಕ್ಲಾಂಪ್ ಮೀಟರ್, ಒಂದು ನೋಟ್‌ಬುಕ್ ಸಾಕು. ತೆರೆದ ಪ್ಯಾನೆಲಿನಲ್ಲಿ ಅಳೆಯುವುದು ತರಬೇತಿ ಇದ್ದವರ ಕೆಲಸ. ನೀವು ಪಕ್ಕದಲ್ಲಿ ನಿಂತು ಬರೆದುಕೊಳ್ಳಿ. ಎರಡು ಜಾಗದಲ್ಲಿ ಅಳೆಯಿಸಿ: ಸರಬರಾಜು ಒಳಗೆ ಬರುವ ಮೀಟರಿನ ಬಳಿ, ಮತ್ತು ಯಂತ್ರದ ಬಳಿ. ಎರಡೂ ಕಡೆ ಯಂತ್ರ ನಿಂತಾಗ ಒಮ್ಮೆ, ಪೂರ್ತಿ ಓಡುವಾಗ ಒಮ್ಮೆ. ಬೆಳಿಗ್ಗೆ, ಮಧ್ಯಾಹ್ನ, ನಡುರಾತ್ರಿ. ಒಂದು ವಾರ ಮಾಡಿದರೆ ಚಿತ್ರ ತಾನಾಗಿಯೇ ಬಿಡಿಸಿಕೊಳ್ಳುತ್ತದೆ.

ಮೀಟರಿನ ಬಳಿ ಸದಾ 228 ಇದ್ದು, ಯಂತ್ರದ ಬಳಿ ಲೋಡ್ ಬಂದಾಗ ಮಾತ್ರ 205 ಆದರೆ, ದೋಷ ನಿಮ್ಮ ಕಟ್ಟಡದೊಳಗೇ ಇದೆ. ತಂತಿ ಸಣ್ಣದು, ಇಲ್ಲವೇ ಎಲ್ಲೋ ಒಂದು ಜೋಡಣೆ ಸಡಿಲ. ಎರಡನೆಯದು ನಿಜಕ್ಕೂ ಹೆದರಬೇಕಾದದ್ದು. ಉದ್ದ ತಂತಿಯಲ್ಲಿ ಹರಡಿಕೊಂಡ ಅರ್ಧ ಓಮ್ ತಂತಿಯನ್ನು ಉದ್ದಕ್ಕೂ ಸ್ವಲ್ಪ ಸ್ವಲ್ಪ ಬಿಸಿ ಮಾಡುತ್ತದೆ. ಒಂದು ಸಡಿಲ ಜೋಡಣೆಯಲ್ಲಿ ಅದರ ಐದನೇ ಒಂದು ಪಾಲು, ಬರೀ 0.1 ಓಮ್ ಇದ್ದರೂ, 50 ಆಂಪಿಯರ್ ಹರಿದಾಗ ಆ ಒಂದೇ ಬಿಂದುವಿನಲ್ಲಿ 250 ವ್ಯಾಟ್ ಬಿಸಿ ಹುಟ್ಟುತ್ತದೆ. ವೋಲ್ಟೇಜಿನಲ್ಲಿ ಕಾಣುವ ನಷ್ಟ ಬರೀ 5 ವೋಲ್ಟ್. ನಾನೊಮ್ಮೆ ಒಂದು ಮುದ್ರಣಾಲಯದಲ್ಲಿ ಇದನ್ನು ಕಣ್ಣಾರೆ ಕಂಡೆ. ಅಲ್ಲಿ ಮೊದಲೇ ಬೂಸ್ಟ್ ಟ್ರಾನ್ಸ್‌ಫಾರ್ಮರ್ ಕೂರಿಸಿದ್ದರು. ವೋಲ್ಟೇಜ್ ಸರಿಹೋಗಿತ್ತು, ಎಲ್ಲರೂ ನೆಮ್ಮದಿಯಾಗಿದ್ದರು. ಮುಖ್ಯ ಸ್ವಿಚ್ಚಿನ ಮುಚ್ಚಳ ತೆಗೆದಾಗ ನ್ಯೂಟ್ರಲ್ ತಂತಿಯ ತುದಿಯ ಲಗ್ (ಜೋಡಣೆಯ ಲೋಹದ ತುಂಡು) ಕಪ್ಪಾಗಿತ್ತು. ಅದರ ಹಿಂದಿನ ಹಲಗೆ ಕರಕಲಾಗಿತ್ತು. ಇನ್ನೆಷ್ಟು ದಿನ ಉಳಿದಿತ್ತೋ ಗೊತ್ತಿಲ್ಲ. ಆ ಟ್ರಾನ್ಸ್‌ಫಾರ್ಮರ್ ರೋಗದ ಗುರುತನ್ನು ಮುಚ್ಚಿತ್ತು. ರೋಗಕ್ಕೆ ಇನ್ನಷ್ಟು ಕರೆಂಟನ್ನೂ ಉಣಿಸುತ್ತಿತ್ತು. ಅವತ್ತಿನಿಂದ ಜೋಡಣೆಗಳನ್ನು ನೋಡದೆ ನಾನು ಯಾರಿಗೂ ಬೂಸ್ಟ್ ಹಾಕಿ ಎಂದು ಹೇಳುವುದಿಲ್ಲ.

ಮೂರು ಫೇಸ್ ಸರಬರಾಜು ಇರುವವರಿಗೂ ಒಂದು ಮಾತು. ಒಂದು ಫೇಸ್ 190, ಇನ್ನೊಂದು 260 ಎಂದು ತೋರಿಸಿದರೆ ಅದು ವೋಲ್ಟೇಜ್ ಕೊರತೆ ಅಲ್ಲವೇ ಅಲ್ಲ. ನ್ಯೂಟ್ರಲ್ ಕಡಿದಿರುವ ಅಥವಾ ಸಡಿಲವಾಗಿರುವ ಲಕ್ಷಣ ಅದು. ಮೊದಲು ಮೇನ್ ಸ್ವಿಚ್ ಆಫ್ ಮಾಡಿ, ಆಮೇಲೆ ಸರಬರಾಜು ಮಾಡುವವರಿಗೆ ತಿಳಿಸಿ.

ಮೀಟರಿನ ಬಳಿ ಲೋಡ್ ಇಲ್ಲದಾಗಲೂ, ದಿನದ ಎಲ್ಲ ಹೊತ್ತೂ 205 ಇದ್ದರೆ ಅದು ಸದಾ ಇರುವ ಕೊರತೆ. ಟ್ರಾನ್ಸ್‌ಫಾರ್ಮರ್ ಚೆನ್ನಾಗಿ ತುಂಬುವ ಕೊರತೆ ಇದೇ. ಆದರೆ ಆಗಲೂ ಮೊದಲು ನೋಡಬೇಕಾದ ಟ್ರಾನ್ಸ್‌ಫಾರ್ಮರ್ ನಿಮ್ಮದಲ್ಲ, ಕಂಬದ ಮೇಲಿನದು. ವಿತರಣಾ ಟ್ರಾನ್ಸ್‌ಫಾರ್ಮರುಗಳಲ್ಲಿ ಸಾಮಾನ್ಯವಾಗಿ ಹೈ ವೋಲ್ಟೇಜ್ ಸುರುಳಿಗೆ ಟ್ಯಾಪ್‌ಗಳಿರುತ್ತವೆ, ಅಂದರೆ ಸುತ್ತುಗಳ ಲೆಕ್ಕ ಹೆಚ್ಚುಕಡಿಮೆ ಮಾಡಲು ನಡುನಡುವೆ ಹೊರತೆಗೆದ ತುದಿಗಳು. ಒಂದೊಂದು ಮೆಟ್ಟಿಲು ಹೆಚ್ಚಾಗಿ ನೂರಕ್ಕೆ 2.5 ಇರುತ್ತದೆ. 230 ವೋಲ್ಟಿನಲ್ಲಿ ಅದು ಸುಮಾರು 5.75 ವೋಲ್ಟ್. ಎರಡು ಮೆಟ್ಟಿಲು ಬದಲಿಸಿದರೆ 11 ವೋಲ್ಟ್ ಮೇಲೇರುತ್ತದೆ. ಟ್ಯಾಪನ್ನು ಹೈ ವೋಲ್ಟೇಜ್ ಕಡೆ ಇಡುವುದಕ್ಕೆ ಕಾರಣವಿದೆ. ಅಲ್ಲಿ ಕರೆಂಟ್ ಕಡಿಮೆ, ಸಂಪರ್ಕಗಳು ಚಿಕ್ಕವಾದರೂ ಸಾಕು. ಸುತ್ತುಗಳೂ ಜಾಸ್ತಿ, ಹಾಗಾಗಿ ಸಣ್ಣ ಮೆಟ್ಟಿಲು ಮಾಡಬಹುದು. ಇಲ್ಲಿ ಹಲವರಿಗೆ ಗೊಂದಲವಾಗುತ್ತದೆ: ನಮ್ಮ ಕಡೆ ವೋಲ್ಟೇಜ್ ಏರಬೇಕಾದರೆ ಹೈ ವೋಲ್ಟೇಜ್ ಕಡೆಯ ಸುತ್ತುಗಳನ್ನು ಕಡಿಮೆ ಮಾಡಬೇಕು, ಹೆಚ್ಚಿಸಬಾರದು. ಈ ಟ್ಯಾಪ್‌ಗಳನ್ನು ವಿದ್ಯುತ್ ಪೂರ್ತಿ ಕಡಿದ ಮೇಲೆಯೇ ತಿರುಗಿಸಬೇಕು. ಅದು ಸರಬರಾಜು ಮಾಡುವವರ ಕೆಲಸ. ನೀವು ವಾರದ ಅಳತೆಯ ಪಟ್ಟಿ ಕೊಟ್ಟು ಕೇಳಿದರೆ ಬರೀ ಬಾಯಿಮಾತಿನ ದೂರಿಗಿಂತ ತೂಕ ಇರುತ್ತದೆ. 207ಕ್ಕಿಂತ ಕೆಳಗಿನ ಅಂಕಿಗಳಿಗೆ ಗುರುತು ಹಾಕಿ ಕೊಡಿ.

ಅವರು ಒಪ್ಪದೆಯೂ ಇರಬಹುದು. ಅದಕ್ಕೆ ನ್ಯಾಯವಾದ ಕಾರಣವೂ ಇರಬಹುದು. ಟ್ಯಾಪ್ ಏರಿಸಿದರೆ ಆ ಟ್ರಾನ್ಸ್‌ಫಾರ್ಮರಿನ ಕೆಳಗಿರುವ ಎಲ್ಲರಿಗೂ ವೋಲ್ಟೇಜ್ ಏರುತ್ತದೆ. ಮೊದಲ ಕಂಬದ ಪಕ್ಕದ ಮನೆಗೆ ಈಗಾಗಲೇ 245 ಇದ್ದರೆ ಅದು 256 ಆಗಿಬಿಡುತ್ತದೆ. ಚಾವಣಿಯ ಮೇಲೆ ಸೌರಫಲಕಗಳು ಹೆಚ್ಚಿರುವ ಲೈನುಗಳಲ್ಲಿ ಈ ಇಕ್ಕಟ್ಟು ಇನ್ನೂ ಬಿಗಿ. ಮಧ್ಯಾಹ್ನ ಮನೆಗಳಿಂದಲೇ ವಿದ್ಯುತ್ ಹಿಂದಕ್ಕೆ ಹರಿದು ವೋಲ್ಟೇಜ್ ಏರುತ್ತದೆ, ಸಂಜೆ ಕುಸಿಯುತ್ತದೆ. ಒಂದೇ ಜಾಗದಲ್ಲಿ ನಿಂತ ಟ್ಯಾಪ್ ಎರಡಕ್ಕೂ ಹೊಂದುವುದಿಲ್ಲ.

ಹೀಗೆ ಬದಲಾಗುವ ಕೊರತೆಗೆ ಬದಲಾಗುವ ಟ್ರಾನ್ಸ್‌ಫಾರ್ಮರೇ ಬೇಕು. ಸಬ್‌ಸ್ಟೇಷನ್ನಿನಲ್ಲಿ ಇದಕ್ಕೆ ಆನ್ ಲೋಡ್ ಟ್ಯಾಪ್ ಚೇಂಜರ್ ಇರುತ್ತದೆ. ನನಗೆ ಬಹಳ ಇಷ್ಟವಾದ ಸಾಧನ ಅದು. ಕರೆಂಟ್ ಹರಿಯುತ್ತಿರುವಾಗಲೇ ಒಂದು ಟ್ಯಾಪಿನಿಂದ ಇನ್ನೊಂದಕ್ಕೆ ದಾಟಬೇಕು. ಮೊದಲು ಬಿಟ್ಟು ಆಮೇಲೆ ಹಿಡಿದರೆ ವಿದ್ಯುತ್ ಕಡಿದು ಕಿಡಿ ಹಾರುತ್ತದೆ. ಮೊದಲು ಹಿಡಿದು ಆಮೇಲೆ ಬಿಟ್ಟರೆ ಎರಡು ಟ್ಯಾಪ್‌ಗಳ ನಡುವಿನ ಸುತ್ತುಗಳು ಶಾರ್ಟ್ ಆಗುತ್ತವೆ. ಜರ್ಮನಿಯ ಬರ್ನ್‌ಹಾರ್ಡ್ ಯಾನ್ಸೆನ್ 1927ರಲ್ಲಿ ಇದಕ್ಕೊಂದು ಚೊಕ್ಕ ದಾರಿ ಕಂಡುಹಿಡಿದರು. ದಾಟುವ ಒಂದು ಚಿಕ್ಕ ಗಳಿಗೆ ಎರಡೂ ಟ್ಯಾಪ್‌ಗಳನ್ನು ರೆಸಿಸ್ಟರುಗಳ ಮೂಲಕ ಹಿಡಿದಿಡುವುದು. ಸ್ಪ್ರಿಂಗಿನ ಬಲದಿಂದ ಇದು ಸೆಕೆಂಡಿನ ಸಣ್ಣ ಪಾಲಿನಲ್ಲಿ ಮುಗಿಯುತ್ತದೆ. ರೆಸಿಸ್ಟರುಗಳು ಬಿಸಿಯಾಗಿ ಹಾಳಾಗುವಷ್ಟು ಹೊತ್ತೇ ಸಿಗುವುದಿಲ್ಲ. ಇವತ್ತಿಗೂ ದೊಡ್ಡ ಟ್ರಾನ್ಸ್‌ಫಾರ್ಮರುಗಳಲ್ಲಿ ಇದೇ ತತ್ವ ನಡೆಯುತ್ತಿದೆ.

ಉದ್ದ ಫೀಡರುಗಳ (ಸಬ್‌ಸ್ಟೇಷನ್ನಿನಿಂದ ಹೊರಡುವ ಲೈನುಗಳ) ನಡುವೆ ಕಂಬದ ಮೇಲೆ ಸ್ಟೆಪ್ ರೆಗ್ಯುಲೇಟರ್ ಹಾಕುವುದೂ ಉಂಟು. ಅದರೊಳಗೆ ಇರುವುದು ನಿಮ್ಮ ಎಲೆಕ್ಟ್ರಿಷಿಯನ್ ಹೇಳಿದ ಅದೇ ಉಪಾಯ, ಸಾಲಿಗೆ ಸೇರಿದ ಸಣ್ಣ ಸುರುಳಿ. ಆ ಸುರುಳಿಗೆ ಟ್ಯಾಪ್‌ಗಳಿವೆ, ಜೊತೆಗೆ ದಿಕ್ಕು ಬದಲಿಸುವ ಸ್ವಿಚ್ಚೂ ಇದೆ. ಬೇಕಾದಾಗ ಕೂಡಿಸುತ್ತದೆ, ಬೇಡವಾದಾಗ ಕಳೆಯುತ್ತದೆ. ಸಾಮಾನ್ಯವಾಗಿ 32 ಮೆಟ್ಟಿಲು, ಮೇಲಕ್ಕೆ 16, ಕೆಳಕ್ಕೆ 16. ಒಂದೊಂದು ಮೆಟ್ಟಿಲು ನೂರಕ್ಕೆ 0.625, ಒಟ್ಟು ಎರಡೂ ಕಡೆ ನೂರಕ್ಕೆ 10. ಅದರ ನಿಯಂತ್ರಕ ಕರೆಂಟನ್ನು ನೋಡಿ, ಲೈನಿನ ತಡೆಯನ್ನು ಲೆಕ್ಕಕ್ಕೆ ತೆಗೆದುಕೊಂಡು, ದೂರದ ಕೊನೆಯಲ್ಲಿ ಎಷ್ಟು ವೋಲ್ಟೇಜ್ ಇರಬಹುದು ಎಂದು ಅಂದಾಜಿಸುತ್ತದೆ. ನಿಮ್ಮಂಥ ಕೊನೆಯವರ ಪರವಾಗಿ ಯೋಚಿಸುವ ಪುಟ್ಟ ಪೆಟ್ಟಿಗೆ ಅದು. ವೋಲ್ಟೇಜ್ ಇಳಿದ ತಕ್ಷಣ ಅದು ಓಡುವುದಿಲ್ಲ. ಅರ್ಧ ನಿಮಿಷವೋ ಒಂದು ನಿಮಿಷವೋ ಕಾಯುತ್ತದೆ. ಯಾರೋ ಮೋಟಾರ್ ಸ್ಟಾರ್ಟ್ ಮಾಡಿದ್ದಕ್ಕೆಲ್ಲ ಟ್ಯಾಪ್ ಬದಲಿಸುತ್ತಾ ಹೋದರೆ ಸಂಪರ್ಕಗಳು ಬೇಗ ಸವೆಯುತ್ತವೆ.

ಇನ್ನು ನಿಮ್ಮ ಸ್ಟೆಬಿಲೈಸರ್ ಪ್ರಶ್ನೆ. ದೊಡ್ಡ ಸರ್ವೋ ಸ್ಟೆಬಿಲೈಸರ್ ಬಿಚ್ಚಿದರೆ ಒಳಗೆ ಸಿಗುವುದು ಬಹುಮಟ್ಟಿಗೆ ಇದೇ ಜೋಡಿ: ಸಾಲಿಗೆ ಸೇರಿದ, ಕಳೆಯಲೂ ಕೂಡಿಸಲೂ ಬಲ್ಲ ಒಂದು ಬಕ್ ಬೂಸ್ಟ್ ಟ್ರಾನ್ಸ್‌ಫಾರ್ಮರ್, ಅದರ ಪ್ರೈಮರಿಗೆ ವೋಲ್ಟೇಜ್ ಹೊಂದಿಸಿಕೊಡುವ ಒಂದು ವೇರಿಯಾಕ್. ಸಣ್ಣ ಮೋಟಾರೊಂದು ವೇರಿಯಾಕಿನ ಬ್ರಷ್ಷನ್ನು ಸರಿಸುತ್ತಿರುತ್ತದೆ. ಹಾಗಾಗಿ ರಾತ್ರಿ 254ರ ಭಯ ಇಲ್ಲ. ನಿಮ್ಮ ಕೊರತೆ ಏರಿಳಿಯುವಂಥದ್ದಾದರೆ, ಒಳಗಿನ ತಂತಿ ಜೋಡಣೆಗಳೆಲ್ಲ ಸರಿ ಇದ್ದು ತಪ್ಪು ಹೊರಗಿನ ಲೈನಿನದೇ ಆಗಿದ್ದರೆ, ಸುಮ್ಮನೆ ಕೂಡಿಸುವ ಟ್ರಾನ್ಸ್‌ಫಾರ್ಮರಿಗಿಂತ ಇದೇ ಮೇಲು. ಬ್ರಷ್ ಸವೆಯುತ್ತದೆ, ಧೂಳು ಕೂರುತ್ತದೆ, ಆಗಾಗ ನೋಡಿಕೊಳ್ಳಬೇಕು. ತಂತಿಯ ಬಿಸಿ ಹೆಚ್ಚುವ ಮಾತು ಇದಕ್ಕೂ ಅನ್ವಯಿಸುತ್ತದೆ. ಅದರಿಂದ ಯಾವ ಸ್ಟೆಬಿಲೈಸರಿಗೂ ಬಿಡುಗಡೆ ಇಲ್ಲ.

ಕೊರತೆ ನಿಮ್ಮದೇ ಉದ್ದ ಕೇಬಲಿನಲ್ಲಿ ಇದ್ದರೆ ಇನ್ನೂ ಒಂದು ದಾರಿ ಇದೆ. 400 ಮೀಟರ್ ದೂರಕ್ಕೆ 16 ಚದರ ಮಿಲಿಮೀಟರಿನ ತಾಮ್ರದ ಕೇಬಲ್ ಹೋಗಿದೆ ಎನ್ನಿ. ಹೋಗಿ ಬರುವ ತಡೆ ಸುಮಾರು 0.92 ಓಮ್. 30 ಆಂಪಿಯರ್ ಎಳೆದರೆ 27 ವೋಲ್ಟಿಗಿಂತ ಹೆಚ್ಚು ದಾರಿಯಲ್ಲೇ ಹೋಗುತ್ತದೆ, ಅಂದರೆ ನೂರಕ್ಕೆ 12. ಈ ತುದಿಯಲ್ಲಿ ಒಂದು ಟ್ರಾನ್ಸ್‌ಫಾರ್ಮರ್ ಇಟ್ಟು 460 ವೋಲ್ಟಿಗೆ ಏರಿಸಿ, ಆ ತುದಿಯಲ್ಲಿ ಇನ್ನೊಂದರಿಂದ ಇಳಿಸಿದರೆ, ಕೇಬಲಿನಲ್ಲಿ ಹರಿಯುವುದು 15 ಆಂಪಿಯರ್. ನಷ್ಟ 14 ವೋಲ್ಟ್, ಅದೂ 460ರಲ್ಲಿ. ನೂರಕ್ಕೆ 3 ಅಷ್ಟೇ. ಟ್ರಾನ್ಸ್‌ಫಾರ್ಮರುಗಳ ಒಳಗೇ ಆಗುವ ಸಣ್ಣ ಕುಸಿತವನ್ನು ಇದಕ್ಕೆ ಕೂಡಿಸಿಕೊಳ್ಳಿ. ಇಲ್ಲಿ ಪೂರ್ತಿ ಕೆವಿಎ ಹೊರುವ ಎರಡು ಟ್ರಾನ್ಸ್‌ಫಾರ್ಮರ್ ಬೇಕು, ಕೇಬಲಿನ ನಿರೋಧಕವೂ ಆ ವೋಲ್ಟೇಜಿಗೆ ತಕ್ಕದ್ದಿರಬೇಕು. ಆದರೆ ಇದು ಕೊರತೆಯ ಮೂಲಕ್ಕೇ ಕೈ ಹಾಕುತ್ತದೆ. ದಪ್ಪ ಕೇಬಲ್ ಎಳೆಯಲು ಆಗದ ಕಡೆ ನಾನು ಇದನ್ನೇ ಹೇಳುತ್ತೇನೆ.

ಎಲ್ಲ ಅಳೆದ ಮೇಲೂ ನಿಮ್ಮ ಕೊರತೆ ಸದಾ ಇರುವಂಥದ್ದು, ಟ್ಯಾಪ್ ಬದಲಿಸಲು ದಾರಿ ಇಲ್ಲ ಎಂದಾದರೆ, ಆ 1.5 ಕೆವಿಎ ಟ್ರಾನ್ಸ್‌ಫಾರ್ಮರನ್ನೇ ಹಾಕಿಸಿ. ಲೈಸೆನ್ಸ್ ಇರುವ ಎಲೆಕ್ಟ್ರಿಷಿಯನ್ ಕೈಯಲ್ಲೇ ಹಾಕಿಸಿ. ಅವರ ಜೊತೆ ಮೂರು ವಿಷಯ ಮಾತಾಡಿ. ಮೊದಲನೆಯದು, ಈ ಜೋಡಣೆಯಲ್ಲಿ ಎರಡೂ ಸುರುಳಿಗಳು ಒಂದಕ್ಕೊಂದು ತಂತಿಯಿಂದಲೇ ಕೂಡಿರುತ್ತವೆ. ಬರುವ ಕಡೆಗೂ ಹೋಗುವ ಕಡೆಗೂ ಪ್ರತ್ಯೇಕತೆ ಇರುವುದಿಲ್ಲ. ಅರ್ಥಿಂಗ್ ಮೊದಲಿನಂತೆಯೇ ಪಕ್ಕಾ ಇರಬೇಕು. ಎರಡನೆಯದು, ಪ್ರೈಮರಿಗೆ ಮಾತ್ರ ಬೇರೆ ಫ್ಯೂಸ್ ಹಾಕಬೇಡಿ. ಆ ಫ್ಯೂಸ್ ಹೋಗಿ ಲೋಡಿನ ಕರೆಂಟ್ ಸೆಕೆಂಡರಿಯಲ್ಲಿ ಹರಿಯುತ್ತಲೇ ಇದ್ದರೆ, ತೆರೆದ ಪ್ರೈಮರಿಯ ತುದಿಗಳಲ್ಲಿ ಅಪಾಯದ ಮಟ್ಟದ ವೋಲ್ಟೇಜ್ ಹುಟ್ಟುತ್ತದೆ. ಬರುವ ಕಡೆ ಒಂದೇ ಬ್ರೇಕರ್, ಇಡೀ ಜೋಡಣೆಯನ್ನು ಒಟ್ಟಿಗೆ ಕಡಿಯುವಂಥದ್ದು, ಇರಲಿ. ಅದು 50 ಅಲ್ಲ, 55 ಆಂಪಿಯರಿನ ಲೆಕ್ಕದಲ್ಲಿರಲಿ. ಅಲ್ಲಿಯವರೆಗಿನ ತಂತಿಯೂ ಅಷ್ಟೇ.

ಮೂರನೆಯದು ಸುರುಳಿಯ ದಿಕ್ಕು. ಸೆಕೆಂಡರಿಯ ಎರಡು ತುದಿಗಳು ಅದಲುಬದಲಾದರೆ ಕೂಡಿಸುವ ಬದಲು ಕಳೆಯುತ್ತದೆ. ಅದಕ್ಕೇ ಲೋಡ್ ಜೋಡಿಸುವ ಮೊದಲು ಸ್ವಿಚ್ ಹಾಕಿ, ಹೊರಹೋಗುವ ತುದಿಗೂ ನ್ಯೂಟ್ರಲ್‌ಗೂ ಮೀಟರ್ ಹಿಡಿದು ನೋಡಲಿ. ಬರುವುದು 205 ಇದ್ದಾಗ 226 ತೋರಿಸಿದರೆ ಸರಿ. 184 ತೋರಿಸಿದರೆ ಬ್ರೇಕರ್ ಇಳಿಸಿ, ಸೆಕೆಂಡರಿಯ ಎರಡು ತಂತಿಗಳನ್ನು ಅದಲುಬದಲು ಮಾಡಿ, ಮತ್ತೆ ಅಳೆದು ನೋಡಿದ ಮೇಲೆಯೇ ಯಂತ್ರಗಳನ್ನು ಜೋಡಿಸಲಿ.